ಮಸಾರಿಯ ತುಂಬೆ, ಎರೆಯ ತುಂಬೆ

ತುಂಬೆ ಗಿಡ ಕಾಲಡಿಗೆ ಸಿಕ್ಕು ಜಜ್ಜಿದಾಗ ಏಳುವ ಘಾಟು ವಾಸನೆಗೆ ಕೆಲವರಿಗೆ ಭಕ್ತಿ ಬರುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಈ ಶ್ರಾವಣದಲ್ಲಿ ಅತ್ತೆಯ ವರ್ಷದ ಪೂಜೆಗೆಂದು ಶಿರಹಟ್ಟಿಯಿಂದ ಬಸ್ಸು ಹತ್ತಿ ಊರಿಗೆ ಹೋಗಿದ್ದೆ. ನೆಗೆಣ್ಣಿಯ ಹೊಲದ ಕಾಲುದಾರಿಯಲ್ಲಿ ನಡೆಯುವಾಗ ಚಪ್ಪಲಿಯ ಕೆಳಗಿನಿಂದ ಆ ವಾಸನೆ ಎದ್ದಿತು. ಅದರ ಬೆನ್ನಿಗೇ, ನಾವಿಬ್ಬರೂ ಅತ್ತೆಗಾಗಿ ಹೂ ಹರಿದ ಆ ಒಂದು ಶ್ರಾವಣದ ಸಿಟ್ಟು ಹಾಗೇ ಹಸಿಯಾಗಿ ಎದ್ದು ಬಂತು.

ನನ್ನ ಕಣ್ಣಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಗದಗಿನಲ್ಲಿ ಬಿ.ಎಸ್ಸಿ. ಓದಿದವಳು, ಶಿರಹಟ್ಟಿಯಲ್ಲಿ ವಿಜ್ಞಾನ ಕಲಿಸುವವಳು. ಹಾದಿಬದಿಯ ಹೂವಿಗೆ ಯಾರಾದರೂ ತಪ್ಪು ಹೆಸರು ಹೇಳಿದರೆ ನನಗೆ ತಡೆಯಲಿಕ್ಕೆ ಆಗುವುದಿಲ್ಲ. ವಾಟ್ಸಾಪಿನಲ್ಲಿ ಪ್ರತಿ ಮಳೆಗಾಲ ಯಾರೋ ಒಬ್ಬರು ಕನ್ನೆಸೊಪ್ಪಿನ ಹೂವಿನ ಫೋಟೋ ಹಾಕಿ 'ವಿಷ್ಣುಕ್ರಾಂತಿ, ಶುಭೋದಯ' ಎಂದು ಬರೆಯುತ್ತಾರೆ. ವಿಷ್ಣುಕ್ರಾಂತಿ ನೆಲಕ್ಕೆ ಹಾಸಿಕೊಂಡು ಬೆಳೆಯುತ್ತದೆ, ಹೂವು ಒಂದೇ ಬಟ್ಟಲಿನ ಹಾಗೆ ದುಂಡಗೆ, ಒಳಗೆ ಬಿಳಿ ಚುಕ್ಕೆ. ಕನ್ನೆಸೊಪ್ಪಿನ ಹೂವಿಗೆ ಎರಡು ದಳ ದೊಡ್ಡವು, ಮೂರನೆಯದು ಇದ್ದೂ ಇಲ್ಲದಂತೆ. ನೀಲಿ ಒಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವೇ ಇಲ್ಲ. ಹಾಗೆಂದು ಬರೆದೆ, ಬಂಧುಬಳಗದ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು. ತೆಗೆದದ್ದು ನೆಗೆಣ್ಣಿ ಗಿರಿಜಾ. ನನ್ನ ಗಂಡನ ಅಣ್ಣನ ಹೆಂಡತಿ.

ಗಿರಿಜಾಳಿಗೂ ನನಗೂ ಮಾತು ನಿಂತದ್ದು ಅಣ್ಣತಮ್ಮಂದಿರು ಬೇರೆಯಾದ ದಿನ. ಕಪ್ಪತಗುಡ್ಡದ ಬುಡದ ಕೆಂಪು ಮಸಾರಿ ಹೊಲ ಅವರ ಪಾಲಿಗೆ ಹೋಯಿತು, ಹಳ್ಳದ ಕಡೆಯ ಕಪ್ಪು ಎರೆಹೊಲ ನಮ್ಮ ಪಾಲಿಗೆ ಬಂತು. ಎರೆಹೊಲವೇ ಹೆಚ್ಚಿನದು ಎಂದು ಅವಳಿಗೆ ಹೊಟ್ಟೆಯುರಿ. ಊರ ಹಿರಿಯರು ಕುಳಿತಲ್ಲೇ ಅವಳು, "ತಿಂಗಳಾ ಪಗಾರ ತರಾಕಿಗೆ ಹೊಲಾ ಯಾಕ ಬೇಕ್ರಿ? ಆಕಿಗೆ ಹೂವಿನ ಕುಂಡಾ ಎರಡ ಕೊಡ್ರಿ, ಸಾಕು" ಅಂದಳು. ಹಿರಿಯರು ನಕ್ಕರು. ನಕ್ಕವರನ್ನೂ ನಾನು ಮರೆತಿಲ್ಲ.

ಮನೆಯ ನಡುವೆ ಗೋಡೆ ಬಂತು. ಅತ್ತೆ ನೀಲವ್ವ ಒಂದು ತಿಂಗಳು ಆಚೆ, ಒಂದು ತಿಂಗಳು ಈಚೆ. ಆಗ ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗದಗಿನ ದವಾಖಾನೆಯಲ್ಲಿ ಬಲಗಣ್ಣಿನ ಆಪರೇಶನ್ ಮಾಡಿಸಲು ಹೋಗುವ ಮುಂಚೆ, ಯಾರಿಗೂ ಹೇಳದೆ ಕೇಳದೆ, ಊರ ಈಶ್ವರ ಗುಡಿಯ ಮುಂದೆ ನಿಂತು ಬೇಡಿಕೊಂಡಿದ್ದರು: ಕಣ್ಣಿಗೆ ಬೆಳಕು ಬಂದರೆ ಶ್ರಾವಣದಲ್ಲಿ ಲಕ್ಷ ತುಂಬೆ ಹೂ ಏರಿಸುತ್ತೇನೆ. ಬೆಳಕು ಬಂತು. ಎಡಗಣ್ಣಿನ ಆಪರೇಶನ್ ದಸರೆ ಕಳೆದ ಮೇಲೆ ಎಂದು ನಿಕ್ಕಿಯಾಗಿತ್ತು. ಹರಕೆ ಮುಟ್ಟದೆ ಆ ಕಣ್ಣಿಗೆ ಕತ್ತರಿ ಹಾಕಿಸಿಕೊಂಡರೆ, ಕೊಟ್ಟ ಕಣ್ಣನ್ನೂ ದೇವರು ಕಿತ್ತುಕೊಳ್ಳುತ್ತಾನೆ ಎಂಬ ಹೆದರಿಕೆ ಅವರಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ನಾನು ಡಾಕ್ಟರರ ಮಾತು ಹೇಳಿ ನೋಡಿದೆ. ಅವರು ಕೇಳಲಿಲ್ಲ.

"ಡಾಕ್ಟರ ಕಣ್ಣ ತೊಳದಾನ, ಖರೆ. ಬೆಳಕ ಕೊಟ್ಟಾಂವ ಬ್ಯಾರೆ ಅದಾನ" ಅಂದರು. "ನೀವಿಬ್ರೂ ಹೂ ಹರ್ಕೊಂಡು ಬರ್ರಿ. ಒಬ್ರಿಂದ ಆಗೂದಲ್ಲ ಇದು."

"ಆಕಿ ಜೋಡಿ ನಾ ಹೋಗೂದಿಲ್ರಿ ಅತ್ತಿ."

"ಜೋಡಿ ಹೋಗಂತ ಯಾರ ಹೇಳ್ಯಾರ? ಆಕಿ ಆಕಿ ಹೊಲದಾಗ ಹರೀಲಿ, ನೀ ನಿನ್ನ ಹೊಲದಾಗ ಹರಿ. ನೀವು ಮಾತಾಡಿದರೆಷ್ಟು, ಬಿಟ್ಟರೆಷ್ಟು. ನನಗ ಬೇಕಾದದ್ದು ಹೂ."

ಆ ವರ್ಷ ಶ್ರಾವಣ ಜಿಟಿಜಿಟಿ ಮಳೆಯಲ್ಲೇ ಹುಟ್ಟಿತು. ಗುಡ್ಡದ ಮೇಲಿನ, ಕರೆಂಟು ಮಾಡುವ ಗಾಳಿಫ್ಯಾನುಗಳು ಮಂಜಿನಲ್ಲಿ ಅರ್ಧ ಕಾಣುತ್ತಿದ್ದವು. ನಾನು ಬೆಳಕು ಹರಿಯುವುದಕ್ಕೇ ಎದ್ದು, ಬಸ್ಸಿನ ಹೊತ್ತಾಗುವುದರೊಳಗೆ ಹೊಲಕ್ಕೆ ಹೋಗಿಬರಬೇಕಿತ್ತು. ಎರೆಮಣ್ಣು ಹಿಡಿದು ಕಾಲು ರೊಟ್ಟಿಹಂಚಿನಷ್ಟು ಅಗಲವಾಗುತ್ತಿತ್ತು. ಸುತ್ತಲಿನ ಹೊಲದವರೆಲ್ಲ ಗೋವಿನಜೋಳಕ್ಕೆ ಕಸದ ಎಣ್ಣೆ ಹೊಡೆದು ಹುಲ್ಲುಕಡ್ಡಿ ಕೂಡ ಉಳಿಸಿರಲಿಲ್ಲ. ನಮ್ಮ ಬದುವಿಗೆ ಹೊಡೆಯಬೇಡಿರೆಂದು ನಾನು ಗಂಡನ ಕೂಡ ಜಗಳ ಮಾಡಿ ಉಳಿಸಿಕೊಂಡಿದ್ದೆ. ಆ ಬದುವಿನ ತುಂಬ ಸಣ್ಣ ತುಂಬೆ. ಎಲೆ ಕಡ್ಡಿಯಂತೆ ಸಪೂರ. ಕಾಂಡದ ಗಂಟುಗಂಟಿಗೂ ಒಂದೊಂದು ಚಿಕ್ಕ ಗುಂಡು, ಗುಂಡಿನ ಸುತ್ತ ಸೂಜಿಯಂಥ ಮುಳ್ಳುಮುಳ್ಳು, ಅದರೊಳಗಿನಿಂದ ಬಿಳಿ ಹೂವು ನಾಲಿಗೆ ಚಾಚಿದಂತೆ ಹೊರಗೆ. ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ತಾನಾಗಿ ಬಿಟ್ಟು ಬರುತ್ತದೆ. ಮಧ್ಯಾಹ್ನಕ್ಕೆ ಬಾಡುವ ಹೂವು, ಆದ್ದರಿಂದ ಅಂದಿನದನ್ನು ಅಂದೇ ಏರಿಸಬೇಕು.

ಲಕ್ಷ ಹೂವನ್ನು ಯಾರೂ ಒಂದೊಂದಾಗಿ ಎಣಿಸುತ್ತ ಕೂಡುವುದಿಲ್ಲ. ಅದಕ್ಕೊಂದು ರೂಢಿ ಇದೆ. ಮೊದಲ ದಿನ ಒಂದು ಪಾವಿನ ತುಂಬ ಹೂ ಹಾಕಿ, ಅವನ್ನು ಒಂದೊಂದೇ ಎಣಿಸಿ, ಲಕ್ಷಕ್ಕೆ ಎಷ್ಟು ಪಾವು ಎಂದು ಲೆಕ್ಕ ಕಟ್ಟುತ್ತಾರೆ. ಮುಂದೆಲ್ಲ ಪಾವಿನಿಂದ ಅಳೆಯುವುದಷ್ಟೇ. ಗುಡಿಯ ಪೂಜೆ ಮಾಡುವ ಅಯ್ಯನವರು ಪಾವಿಗೊಂದರಂತೆ ಹುಣಸೆಬೀಜ ತೆಗೆದು ಗಡಿಗೆಗೆ ಹಾಕುತ್ತಿದ್ದರು. ಹೂ ತರುವವರು ಇಬ್ಬರು, ಆದ್ದರಿಂದ ಗಡಿಗೆಯೂ ಎರಡು. ಮೊದಲ ದಿನ ಗಿರಿಜಾ ತಡವಾಗಿ ಬಂದಳು. ಎಣಿಸಿದ್ದು ನನ್ನ ಹೂವನ್ನು.

ಎಂಟು ದಿನ ಕಳೆಯುವುದರಲ್ಲಿ ಅವಳ ಗಡಿಗೆಯ ಬೀಜ ನನ್ನ ಗಡಿಗೆಯ ಎರಡರಷ್ಟಾಯಿತು. ಗುಡಿಗೆ ಬರುವ ಹೆಂಗಸರು ಎರಡೂ ಗಡಿಗೆಗೆ ಬಗ್ಗಿ ನೋಡಿ ಹೋಗುತ್ತಿದ್ದರು. ಒಬ್ಬಳಂತೂ ನನಗೆ ಕೇಳುವಂತೆಯೇ, "ಟೀಚರಮ್ಮನ ಕೈ ಖಡು ಹಿಡ್ಯಾಕ ಅಷ್ಟ ಬರೋಬರಿ ಬಿಡ" ಅಂದಳು. ಖಡು ಎಂದರೆ ಸೀಮೆಸುಣ್ಣ. ಗಿರಿಜಾ ಕಂಬಕ್ಕೆ ಒರಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಗುವನ್ನೂ ಅದರಲ್ಲೇ ಒರೆಸಿಕೊಂಡಳು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಅದೇ ದಿನ ಅವಳ ಬುಟ್ಟಿಯ ಹೂವು ನನ್ನ ಕಣ್ಣಿಗೆ ಬಿತ್ತು. ಬಿಳಿಯೇ, ಆಕಾರವೂ ತುಂಬೆಯದೇ. ಆದರೆ ಉದ್ದ ಜಾಸ್ತಿ, ಕೆಳಗಿನ ತುಟಿ ಅಗಲ, ಪಾವಿನಲ್ಲಿ ಹಾಕಿದರೆ ಉಬ್ಬಿ ನಿಲ್ಲುವಂಥದ್ದು. ಬಿಡಿ ಹೂವು ನೋಡಿ ಜಾತಿ ಹೇಳಬಾರದು, ಗಿಡ ನೋಡಬೇಕು. ಭಾನುವಾರ ಅವರೆಲ್ಲ ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋಗುತ್ತಾರೆಂಬ ಖಬರ ಹಿಡಿದು, ನಾನು ಮಸಾರಿ ಹೊಲಕ್ಕೆ ಹೋದೆ.

ಹೋಗಿ ನೋಡಿದರೆ ಹೌದು, ದೊಡ್ಡ ತುಂಬೆ. ಸಣ್ಣದರ ಹಾಗೆ ಗಂಟುಗಂಟಿಗೆ ಗುಂಡು ಇಲ್ಲ. ಟೊಂಗೆಯ ತುದಿಗೆ ಒಂದೇ ದಪ್ಪ ಉಂಡೆ, ನಿಂಬೆಹಣ್ಣಿನಷ್ಟು. ಸೂಜಿಯ ಬದಲು ಒಂದರ ಮೇಲೊಂದು ಹೊದ್ದುಕೊಂಡ ಹಸಿರು ಎಲೆಗಳು. ಗಿಡದ ಎಲೆಯೂ ಅಗಲ. ಎರಡೂ ಈ ನೆಲದ್ದೇ ಗಿಡಗಳು, ಎರಡೂ ತುಂಬೆಯ ಕುಲದವೇ, ಆದರೆ ಒಂದನ್ನು ಇನ್ನೊಂದು ಎನ್ನಲಾಗದು. ನಾನು ಮೊಣಕಾಲೂರಿ ಕುಳಿತು ಉಂಡೆಯೊಂದನ್ನು ಬಿಡಿಸಿ ನೋಡುತ್ತಿದ್ದೆ. ಆ ಹೊತ್ತಿನ ಸಂತೋಷವನ್ನು ಮುಚ್ಚಿಡುವುದಿಲ್ಲ. ಶತ್ರುವಿನ ಮನೆಯ ಸೂರು ಸೋರುವುದನ್ನು ಕಂಡವರಿಗೆ ಆಗುವಂಥದ್ದು.

"ಕಳುವು ಮಾಡಾಕ ಬಂದಿಯೇನು?"

ಗಿರಿಜಾ ಮದುವೆಗೆ ಹೋಗಿರಲಿಲ್ಲ. ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದಳು. ಬೇರೆಯಾದ ಮೇಲೆ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಇದು ಬ್ಯಾರೆ ತುಂಬಿ ಐತ್ರಿ ಅಕ್ಕಾರ," ಅಂದೆ. ರಿ ಹಚ್ಚಿ ಮಾತಾಡಿದ್ದು ಗೌರವಕ್ಕಲ್ಲ.

"ತುಂಬಿ ಅಂದ್ರ ತುಂಬಿ. ನಿಮ್ಮ ಸಾಲ್ಯಾಗ ಬ್ಯಾರೆ, ನಮ್ಮ ಹೊಲದಾಗ ಒಂದ."

"ಎಣಿಸಿದ್ದು ಸಣ್ಣ ತುಂಬಿ. ನೀವು ಹಾಕೂದು ದೊಡ್ಡದು. ನಿಮ್ಮ ಪಾವಿನ್ಯಾಗ ಹೂ ಕಡಿಮಿ ಹಿಡಿತಾವ. ಪಾವಿಗೆ ಬೀಜ ಮಾತ್ರ ನನ್ನಂಗ ಒಂದ ಬೀಳ್ತೈತಿ."

ಅವಳು ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ಅರ್ಥವಾಯಿತು ಎಂದು ನನಗೆ ಗೊತ್ತಾಯಿತು, ಅವಳ ಮುಖ ಸುಳ್ಳು ಹೇಳುವುದಿಲ್ಲ, ಬಾಯಿ ಮಾತ್ರ ಹೇಳುತ್ತದೆ. "ನಿನಗ ನನ್ನ ಗಡಿಗಿ ತುಂಬೂದು ಕಣ್ಣಾಗ ಚುಚ್ಚಾಕತ್ತೈತಿ. ಹೊಟ್ಟಿಕಿಚ್ಚಿಗೆ ಔಷಧ ಇಲ್ಲ. ಏಳು ಮ್ಯಾಲೆ, ನನ್ನ ಹೊಲಾ ಬಿಡು."

ಎದ್ದೆ. ಆದರೆ ಒಂದು ಉಂಡೆ ಮುರಿದುಕೊಂಡೇ ಎದ್ದೆ. ಮರುದಿನ ಸೋಮವಾರ, ಗುಡಿ ತುಂಬ ಜನ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ನಾನು ಎಲ್ಲರ ಮುಂದೆ ಎರಡೂ ತುಂಬೆಯನ್ನು ಅವರ ಅಂಗೈಯಲ್ಲಿಟ್ಟೆ. ಒಂದು ನನ್ನದು, ಒಂದು ಅವಳದು. ಇದು ಬೇರೆ ಜಾತಿ, ಇದನ್ನು ಏರಿಸಿದ್ದು ಹರಕೆಗೆ ಸಲ್ಲುವುದಿಲ್ಲ ಎಂದು ಪಾಠ ಹೇಳಿದ ಹಾಗೆ ಹೇಳಿದೆ. ಗಿರಿಜಾಳ ಮುಖ ಕೆಂಪಾದದ್ದನ್ನು ನೋಡಿಯೇ ಹೇಳಿದೆ.

ಅತ್ತೆ ಕನ್ನಡಕ ತೆಗೆದರು. ಎಡಗಣ್ಣನ್ನು ಕೈಯಿಂದ ಮುಚ್ಚಿ, ಹೊಸ ಕಣ್ಣಿನ ಹತ್ತಿರ ಒಂದೊಂದನ್ನೇ ಹಿಡಿದು ಬಹಳ ಹೊತ್ತು ನೋಡಿದರು. ಅಯ್ಯನವರು ಆರತಿ ತಟ್ಟೆ ಹಿಡಿದು ಕಾಯುತ್ತ ನಿಂತರು.

"ಹೌದು, ಬ್ಯಾರೆ ಬ್ಯಾರೆ ಅದಾವ," ಅಂದರು ಅತ್ತೆ. ನನಗೆ ಗೆದ್ದೆ ಅನ್ನಿಸಿತು. "ಆಕಳ ಕರಾನೂ ಕರಾನ, ಎಮ್ಮಿ ಕರಾನೂ ಕರಾನ. ನಾ ತುಂಬಿ ಅಂದೀನಿ, ಯಾವ ತುಂಬಿ ಅಂತ ಅಂದಿಲ್ಲ. ದೇವರಿಗೆ ಎರಡೂ ನಡೀತಾವ."

ಈಗ ಗಿರಿಜಾ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಹಾಲಿದ್ದರೆ ಒಡೆಯುತ್ತಿತ್ತು.

"ಆದ್ರ ನಾ ಅಂದದ್ದು ಲಕ್ಷ," ಅತ್ತೆ ಮುಂದುವರಿಸಿದರು. "ಲಕ್ಷ ಅಂದ್ರ ಲಕ್ಷ. ಅಯ್ಯನಾರ, ಗಿರಿಜಾನ ಹೂವಿಂದ ಒಂದ ಪಾವು ಎಣಸ್ರಿ."

ಎಣಿಸಿದರು. ನನ್ನ ಪಾವಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಯ್ಯನವರು ಅವಳ ಗಡಿಗೆ ಮುಂದಿಟ್ಟುಕೊಂಡು, ಎಲ್ಲರ ಎದುರಿಗೇ ಹೆಚ್ಚಿಗೆ ಬಿದ್ದಿದ್ದ ಬೀಜ ಹೊರಗೆ ತೆಗೆದು ಹಾಕತೊಡಗಿದರು. ಒಂದೊಂದು ಬೀಜ ನೆಲಕ್ಕೆ ಬಿದ್ದಾಗಲೂ ಅತ್ತೆಯ ಕೈ ಸೆರಗಿನ ಚುಂಗನ್ನು ಹಿಂಡುತ್ತಿತ್ತು. ನನಗೆ ಗಿರಿಜಾಳ ಸೋಲನ್ನು ನೋಡುವ ಆಸೆ, ಆದರೆ ಕಣ್ಣು ಆ ಕೈಯ ಮೇಲೇ ನಿಂತಿತು. ಶ್ರಾವಣ ಅರ್ಧ ಮುಗಿದಿತ್ತು. ಹರಕೆ ಎಷ್ಟು ಹಿಂದೆ ಬಿತ್ತೆಂದರೆ ಅಮಾವಾಸ್ಯೆಯ ಒಳಗೆ ಮುಟ್ಟುವುದು ಯಾರಿಗೂ ಖಾತ್ರಿ ಇರಲಿಲ್ಲ.

"ಕಣ್ಣ ಹೋದ್ರ ಹೋಕ್ಕೈತಿ," ಎಂದು ಅತ್ತೆ ಮೆಲ್ಲಗೆ ಅಂದರು. "ಸುಳ್ಳ ಲೆಕ್ಕಾ ಹೇಳಿ ಉಳಿಸ್ಕೊಳ್ಳಾಕ ನನಗ ಬರೂದಿಲ್ಲ."

ಮೇಲೆ ಮತ್ತೊಂದು ಕೂಡಿತು. ಎರಡು ದಿನ ಮಳೆ ಬಿಟ್ಟು ಬಿಸಿಲು ಬಂದದ್ದೇ ತಡ, ಗಿರಿಜಾಳ ಗಂಡ, ನಮ್ಮ ಭಾವ, ಹೆಸರುಕಾಳು ಬಿಡಿಸಿದ ಮಸಾರಿಯನ್ನು ಹಿಂಗಾರಿ ಜೋಳಕ್ಕೆಂದು ಹರಗಿಬಿಟ್ಟರು. ದೊಡ್ಡ ತುಂಬೆಯೆಲ್ಲ ಕುಂಟೆಯ ಬಾಯಿಗೆ ಹೋಯಿತು. ಕಣ್ಣು ಹಾಯಿಸಿದಷ್ಟು ದೂರ ತುಂಬೆ ಉಳಿದದ್ದು ನಮ್ಮ ಬದುವಿನಲ್ಲಿ ಮಾತ್ರ. ನಾಳೆ ಬೆಳಿಗ್ಗೆಯಿಂದ ಗಿರಿಜಾ ಅಲ್ಲಿಗೆ ಬರಲಿ ಎಂದು ಅತ್ತೆ ಹೇಳಿದಾಗ ನಾನು ಆಗುವುದಿಲ್ಲ ಅಂದೆ.

"ಹೂವಿನ ಕುಂಡಾ ಎರಡ ಸಾಕಂದಿದ್ಲಲ್ರಿ ಆಕಿ ನನಗ. ಆ ಕುಂಡಾ ಇದ. ಆಕಿ ಕಾಲಿಡಬಾರದು. ನಾ ಒಬ್ಬಾಕಿನ ಹರೀತೀನಿ. ರಜಾ ಹಾಕ್ತೀನಿ, ಹರೀತೀನಿ."

ರಜೆ ಹಾಕಿದೆ, ಹರಿದೆ. ಬೆನ್ನು ಬಿದ್ದು ಹೋಯಿತು. ಒಬ್ಬಳ ಎರಡು ಕೈಗೆ ಎಷ್ಟು ಹೂವು? ಮೂರನೆಯ ಬೆಳಿಗ್ಗೆ ಬದುವಿನ ಕೊನೆಯಲ್ಲಿ ಏನೋ ಅಲುಗಾಡಿದ್ದು ಕಂಡು ಹೋಗಿ ನೋಡಿದರೆ, ಅತ್ತೆ. ಸೀರೆ ಎತ್ತಿ ಕಟ್ಟಿಕೊಂಡು, ಮೊಣಕಾಲು ಮಟ್ಟ ಎರೆಮಣ್ಣು ಮೆತ್ತಿಕೊಂಡು, ಒಂದೇ ಕಣ್ಣಿನಲ್ಲಿ ಹೂ ಹರಿಯುತ್ತಿದ್ದರು. ಉಡಿಯಲ್ಲಿ ಇದ್ದದ್ದು ಒಂದು ಹಿಡಿ. ಜಾರಿ ಬಿದ್ದರೆ, ಒಂದು ಕಡ್ಡಿ ಕಣ್ಣಿಗೆ ತಾಗಿದರೆ, ಏನು ಗತಿ? ನನಗೆ ಮೈ ಉರಿಯಿತು. ಅವರ ಮೇಲೆ, ಅವರ ದೇವರ ಮೇಲೆ, ಎಲ್ಲಕ್ಕಿಂತ ಹೆಚ್ಚು ಗಿರಿಜಾಳ ಮೇಲೆ. ನಾನೇ ಅವಳ ಮನೆಯ ಬಾಗಿಲಿಗೆ ಹೋಗಿ ಹೊರಗೆ ನಿಂತೇ ಅಂದೆ: "ಬುಟ್ಟಿ ತಗೊಂಡು ಬರ್ರಿ."

ಬಂದಳು. ಬದುವಿನ ಆ ಕಡೆ ಅವಳು, ಈ ಕಡೆ ನಾನು, ನಡುವೆ ತುಂಬೆ. ಹಿಂದೆ ಗೊಬ್ಬರದ ಚೀಲ ಹಾಸಿಕೊಂಡು ಅತ್ತೆ ಕಾವಲಿಗೆ ಕುಳಿತರು. ಹಳ್ಳದ ದಂಡೆಯಲ್ಲಿ ಒಂದೆರಡು ಕಡೆ ದೊಡ್ಡ ತುಂಬೆಯೂ ಎದ್ದಿತ್ತು. ಬೆರೆತರೆ ಲೆಕ್ಕ ಮತ್ತೆ ಕೆಡುತ್ತದೆ. ಅದಕ್ಕೆ ನಾನು ಅವಳ ಬುಟ್ಟಿಯನ್ನು ಆಗಾಗ ಎಳೆದು ನೋಡುತ್ತಿದ್ದೆ, ತಪ್ಪಿದ್ದನ್ನು ಆಯ್ದು ಮಣ್ಣಿಗೆ ಒಗೆಯುತ್ತಿದ್ದೆ.

"ಇದು ಅಲ್ಲ. ಇದೂ ಅಲ್ಲ."

"ಪರೀಕ್ಷಾ ನಡಿಸ್ಯಾಳ ನೋಡ್ರಿ ಅತ್ತಿ."

"ಹೂ ನೋಡಬ್ಯಾಡ್ರಿ, ಅದು ಕುಂತ ಜಾಗಾ ನೋಡ್ರಿ. ಸೂಜಿ ಚುಚ್ಚಿದ್ರ ನಮ್ಮದು. ಎಲಿ ಮೆತ್ತಗ ತಾಗಿದ್ರ ನಿಮ್ಮದು."

"ನಮ್ಮದು ಮೆತ್ತಂದು ಅಂತ ಒಪ್ಪಿದಿಯಲ್ಲ, ಸಾಕು."

ಅತ್ತೆ ಹಿಂದಿನಿಂದ, "ಬಾಯಿ ಕೈಯಾಗ ಇಟ್ಟು ಹರೀರಿ" ಅಂದರು.

ಅವಳು ಎರಡೂ ಕೈಯಿಂದ ಹರಿಯುತ್ತಿದ್ದಳು. ಮೇಯುವ ಆಡಿನ ಬಾಯಿಯಂತೆ ಅವಳ ಬೆರಳು ಓಡುತ್ತಿದ್ದವು. ನಾಲ್ಕು ದಿನದ ನಂತರ ಅವಳ ಬುಟ್ಟಿಯಲ್ಲಿ ಒಗೆಯಲಿಕ್ಕೆ ನನಗೆ ಏನೂ ಸಿಗಲಿಲ್ಲ. ಅದು ನನಗೆ ಎಷ್ಟು ಬೇಸರ ತಂದಿತೆಂದರೆ, ಆ ದಿನ ಎರಡು ಸಾರಿ ಬುಟ್ಟಿ ಬೋರಲು ಹಾಕಿ ಹುಡುಕಿದೆ. ಮಳೆಯಲ್ಲಿ ನೆನೆಯುತ್ತ, ಒಬ್ಬರ ಉಸಿರು ಒಬ್ಬರಿಗೆ ಕೇಳುವಷ್ಟು ಹತ್ತಿರ ಕುಳಿತು, ಅಷ್ಟು ದಿನ ನಾವು ಹೂವಿನ ಮಾತು ಬಿಟ್ಟು ಬೇರೆ ಒಂದು ಮಾತು ಆಡಲಿಲ್ಲ. ಕೂಡಿ ದುಡಿದರೆ ಮನಸ್ಸು ಕೂಡುತ್ತದೆ ಎನ್ನುವವರು ನೆಗೆಣ್ಣಿಯರನ್ನು ಕಂಡಿಲ್ಲ.

ಅಮಾವಾಸ್ಯೆಯ ದಿನ, ದೀಪ ಹಚ್ಚುವ ಹೊತ್ತಿಗೆ, ಕೊನೆಯ ಪಾವು ಲಿಂಗದ ಮೇಲೆ ಬಿತ್ತು. ಅಯ್ಯನವರು ಕೊನೆಯ ಬೀಜವನ್ನು ಅತ್ತೆಯ ಕೈಗೇ ಕೊಟ್ಟರು. ಅವರು ಅದನ್ನು ಹೊಸ ಕಣ್ಣಿಗೆ ಒತ್ತಿಕೊಂಡು ಗಡಿಗೆಯಲ್ಲಿ ಹಾಕಿ, ಅಲ್ಲೇ ಕುಸಿದು ಕುಳಿತು ಅತ್ತರು. ಆಗ ನನಗೂ ಅಳು ಬಂತು. ಗಿರಿಜಾ ಅಳುತ್ತಿದ್ದುದನ್ನು ಕಂಡು ನಿಲ್ಲಿಸಿದೆ.

ದಸರೆ ಕಳೆದ ಮೇಲೆ ಎಡಗಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದಾಗ ಹಾಸಿಗೆಯ ಆ ಬದಿಗೆ ಅವಳು, ಈ ಬದಿಗೆ ನಾನು ನಿಂತಿದ್ದೆವು. ಅತ್ತೆ ಎರಡೂ ಕಣ್ಣು ಪಿಳುಕಿಸಿ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಸ್ವಚ್ಛ ಕಾಣಾಕತ್ತೈತಿ," ಅಂದರು. "ನೀವಿಬ್ರೂ ಇನ್ನೂ ಹಂಗ ಅದೀರಿ."

ಕಳೆದ ವರ್ಷ ಶ್ರಾವಣದಲ್ಲೇ ಅತ್ತೆ ಹೋದರು. ಕೊನೆಯವರೆಗೂ ಸೂಜಿಗೆ ದಾರ ತಾವೇ ಪೋಣಿಸುತ್ತಿದ್ದರು. ಮಾವನವರ ಪಕ್ಕದಲ್ಲಿ, ಮಸಾರಿ ಹೊಲದಲ್ಲೇ ಅವರನ್ನು ಮಣ್ಣು ಮಾಡಿದೆವು. ಹಾಗಾಗಿ ನಾನು ಈಗ ವರ್ಷಕ್ಕೊಮ್ಮೆ ಗಿರಿಜಾಳ ಹೊಲಕ್ಕೆ ಕಾಲಿಡಲೇಬೇಕು. ಅತ್ತೆ ಸತ್ತ ಮೇಲೂ ನನ್ನನ್ನು ಬಿಟ್ಟಿಲ್ಲ.

ಈ ಸಲ ನಾನು ಹೋಗುವಷ್ಟರಲ್ಲಿ ಅವಳು ಸಮಾಧಿ ತೊಳೆದು, ವಿಭೂತಿ ಬಳಿದು, ಸ್ಟೀಲ್ ತಟ್ಟೆಯ ತುಂಬ ತುಂಬೆ ಹೂ ತಂದಿಟ್ಟಿದ್ದಳು. ಸುತ್ತಲೂ ಮೊಣಕಾಲೆತ್ತರ ದೊಡ್ಡ ತುಂಬೆ ಉಂಡೆಯುಂಡೆಯಾಗಿ ಅರಳಿ ನಿಂತಿತ್ತು, ಕೈ ಚಾಚಿದರೆ ಸಿಗುವಂತೆ. ಇನ್ನೇನು, ಅವನ್ನೇ ಹರಿದಿರುತ್ತಾಳೆ ಎಂದುಕೊಂಡು ತಟ್ಟೆಯ ಮುಂದೆ ಕುಳಿತೆ. ಬೆರಳಿನಿಂದ ಮೇಲಿನದನ್ನು ಸರಿಸಿದೆ, ಕೆಳಗಿನದನ್ನು ಮೇಲೆ ತಂದೆ. ಒಂದೇ ಒಂದು ದೊಡ್ಡ ಹೂವು ಸಿಕ್ಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಎಲ್ಲ ಸಣ್ಣ ತುಂಬೆ. ಈ ಸುತ್ತಿನಲ್ಲಿ ಅಷ್ಟು ಸಣ್ಣ ತುಂಬೆ ಇರುವುದು ಎಲ್ಲಿ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾವು ಶಿರಹಟ್ಟಿಗೆ ಹೋಗಿ ಮನೆ ಮಾಡಿದ ಮೇಲೆ ಎರೆಹೊಲದ ಆ ಬದುವಿನ ಕಡೆ ಬೆಳಿಗ್ಗೆ ಯಾರ ಕಣ್ಣೂ ಇರುವುದಿಲ್ಲ.

ಅವಳು ಊದಿನಕಡ್ಡಿ ಹಚ್ಚುತ್ತ ನನ್ನ ಕೈಯನ್ನೇ ನೋಡುತ್ತಿದ್ದಳು.

"ಸಿಕ್ಕತೇನು?" ಅಂದಳು.

"ಮುಂದಿನ ವರ್ಷ ಕೇಳಿ ಹರೀರಿ ಅಕ್ಕಾರ," ಅಂದೆ.

"ಕೇಳಿದ್ರ ಕೊಡ್ತಿದ್ದಿಯೇನು?"

ಕೊಡುತ್ತಿರಲಿಲ್ಲ. ತಟ್ಟೆಯನ್ನು ಅವಳ ಕಡೆ ಸರಿಸಿದೆ, ಹೂ ಏರಿಸಿದೆವು.